ಹತ್ತು ನಿಮಿಷದ ಓಪನ್ ಮೈಕಿನಲ್ಲಿ ಏಳು ನಿಮಿಷ ಶ್ರುತಿಗೇ ಹೋದರೆ?

ಪ್ರಶ್ನೆ: ನಾನು 9 ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ. ಗುರುಗಳ ಎದುರು ಬಿಟ್ಟರೆ ಹೊರಗೆ ಎಲ್ಲೂ ಹಾಡಿಲ್ಲ. ನನ್ನ ಥರದವರೇ ಐದಾರು ಜನ ಗೆಳೆಯರಿದ್ದೇವೆ. ಒಬ್ಬಳು ಪಿಟೀಲು, ಒಬ್ಬ ಮೃದಂಗ, ಒಬ್ಬರು ಹಿಂದೂಸ್ತಾನಿ ಗಾಯನ, ಇನ್ನೊಬ್ಬ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್. ತಿಂಗಳಿಗೊಂದು ಸಂಜೆ ಸೇರಿ, ಯಾರು ಬೇಕಾದರೂ ಬಂದು ಹಾಡುವ, ನುಡಿಸುವ ಓಪನ್ ಮೈಕ್ ಮಾಡೋಣ ಅಂತ ಆಸೆ. ಆದರೆ ಹಿರಿಯರೊಬ್ಬರು, ಶಾಸ್ತ್ರೀಯ ಸಂಗೀತ ಹಾಗೆ ಅರೆಬರೆ ತಯಾರಿಯಲ್ಲಿ ಹಾಡುವಂಥದ್ದಲ್ಲ ಅಂದರು. ನನಗೋ ಜನರ ಮುಂದೆ ಕೂತರೆ ಗಂಟಲು ಒಣಗುತ್ತದೆ. ಮಾಡಬಹುದಾ? ಮಾಡಿದರೆ ಹೇಗೆ?

ಉತ್ತರ: ಮಾಡಿ. ಆದರೆ ಚಿಕ್ಕ ಸಂಗೀತ ಕಚೇರಿ ಮಾಡುತ್ತಿದ್ದೇವೆ ಅಂದುಕೊಂಡು ಮಾಡಬೇಡಿ. ಓಪನ್ ಮೈಕಿಗೆ ಅದರದ್ದೇ ಲೆಕ್ಕ ಇದೆ. ಆ ಲೆಕ್ಕದಲ್ಲಿ ಪ್ರತಿಭೆಗಿಂತ ಗಡಿಯಾರ ದೊಡ್ಡದು, ಗಡಿಯಾರಕ್ಕಿಂತ ಶ್ರುತಿ ದೊಡ್ಡದು. ನಾನು ಪಿಟೀಲಿನವನು, ಪಕ್ಕವಾದ್ಯಕ್ಕೆ ಕೂರುವವನು. ಇಂಥ ಸಂಜೆಗಳಲ್ಲಿ ಸಾಕಷ್ಟು ಕೂತಿದ್ದೇನೆ, ಕೆಲವನ್ನು ನಾನೇ ನಡೆಸಿ ಕೆಡಿಸಿದ್ದೂ ಇದೆ.

ಮೊದಲು ಆ ಹಿರಿಯರ ಮಾತು. ಅರ್ಧ ಒಪ್ಪುತ್ತೇನೆ. ಪಾಠ ಆಗದ ಕೃತಿಯನ್ನು ಜನರ ಮುಂದೆ ಇಡಬಾರದು, ಅದು ಸರಿ. ಆದರೆ ಶಾಸ್ತ್ರೀಯ ಸಂಗೀತ ಅಂದರೆ ದೊಡ್ಡ ಸಭಾಂಗಣ, ಪಿಸುಮಾತಿಲ್ಲದ ಸಭಿಕರು, ಎರಡೂವರೆ ಗಂಟೆ ಅನ್ನುವುದು ಈಚಿನ ರೂಢಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಟೆಲೆಮನ್ ಎಂಬ ಸಂಗೀತ ಸಂಯೋಜಕ 1702ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಒಂದು ಸಂಗೀತ ಕೂಟ ಕಟ್ಟಿದ. 1729ರಲ್ಲಿ ಅದರ ಹೊಣೆ ಇನ್ನೊಬ್ಬ ದೊಡ್ಡ ಸಂಯೋಜಕ ಬಾಖ್ ಕೈಗೆ ಬಂತು. ಅವರು ವಾರವಾರ ನುಡಿಸುತ್ತಿದ್ದದ್ದು ಜಿಮ್ಮರ್‌ಮನ್ ಎಂಬುವವನ ಕಾಫಿ ಅಂಗಡಿಯಲ್ಲಿ. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ ಎರಡು ಗಂಟೆ ಹೊತ್ತು, ಬೇಸಿಗೆಯಲ್ಲಿ ಬುಧವಾರ ತೋಟದಲ್ಲಿ. ಕೇಳುಗರು ಉಸಿರು ಬಿಗಿಹಿಡಿದು ಕೂರುವ ಪದ್ಧತಿಯೂ ಆಗ ಇರಲಿಲ್ಲ. 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಪತ್ರದಲ್ಲಿ ಮೊಟ್ಸಾರ್ಟ್, ತನ್ನ ಸಿಂಫನಿ ನಡೆಯುತ್ತಿರುವಾಗಲೇ ಒಂದು ಜಾಗದಲ್ಲಿ ಜನ ಚಪ್ಪಾಳೆ ತಟ್ಟಿದರು ಅಂತ ಖುಷಿಯಿಂದ ಹೇಳಿಕೊಳ್ಳುತ್ತಾನೆ. ಇಂದು ಹಾಗೆ ತಟ್ಟಿದರೆ ಪಕ್ಕದವರು ತಿರುಗಿ ನೋಡುತ್ತಾರೆ.

ನಮ್ಮ ಕಡೆಯೂ ಈಗಿನ ಕಚೇರಿಯ ಕ್ರಮ ತುಂಬ ಹಳೆಯದೇನಲ್ಲ. ವರ್ಣ ಎಂಬ ಬಗೆಯ ರಚನೆಯಿಂದ ಶುರು ಮಾಡಿ, ಚುರುಕಾದ ಹಲವು ಕೃತಿಗಳನ್ನು ಪೋಣಿಸಿ ಹಾಡುವ ರೀತಿಗೆ ಗಟ್ಟಿಯಾದ ಅಚ್ಚು ಹಾಕಿದವರು ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್. ಅವರ ಕಾಲ 1890ರಿಂದ 1967. ಚಿಕ್ಕದಾಗಿ, ಅಚ್ಚುಕಟ್ಟಾಗಿ ಹಾಡುವುದು ಸಂಗೀತಕ್ಕೆ ಅವಮಾನ ಅಂತ ಯಾರಾದರೂ ಅಂದರೆ ಅವರ ಹೆಸರು ಹೇಳಿ ಸುಮ್ನಾಗಿ.

ಈಚೆಗೆ ಹೊರಗಡೆ ಇದು ಮತ್ತೆ ಚಿಗುರಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2006ರಲ್ಲಿ ಚರಿತ್ ಪ್ರೇಮವರ್ಧನ ಎಂಬ ವಿಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ವಾದಕ ಒಂದು ಕೆಫೆಯಲ್ಲಿ ಗೆಳೆಯರನ್ನು ಕೂಡಿಸಿಕೊಂಡು ನುಡಿಸಲು ಶುರು ಮಾಡಿದರು. ಅದೇ ಕ್ಲಾಸಿಕಲ್ ರೆವಲ್ಯೂಷನ್ ಆಗಿ ಬೇರೆ ಬೇರೆ ಊರುಗಳಿಗೆ ಹಬ್ಬಿತು. ಬಾಸ್ಟನ್‌ನಲ್ಲಿ 2013ರಲ್ಲಿ ಶುರುವಾದ ಗ್ರೂಪ್‌ಮ್ಯೂಸ್ ಮನೆಗಳ ಹಾಲ್‌ಗಳಲ್ಲೇ ಕಛೇರಿ ಏರ್ಪಡಿಸುತ್ತದೆ. ಹಾಗಾಗಿ ನಿಮ್ಮ ಯೋಚನೆ ವಿಚಿತ್ರವೇನಲ್ಲ. ಹಿರಿಯರನ್ನು ಮೊದಲ ಸಂಜೆಗೇ ಕರೆಯಿರಿ, ಆದರೆ ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನಾನು ಕೆಡಿಸಿದ ಸಂಜೆಯ ಕಥೆ. ಒಂದು ಮನೆಯ ಮಹಡಿ ಮೇಲಿನ ಹಾಲ್. 11 ಹೆಸರು ಬಂದಿದ್ದವು. ತಲೆಗೆ 10 ನಿಮಿಷ ಅಂದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ ಅಂತ ನನ್ನ ಲೆಕ್ಕ. ಹೆಸರು ಕೊಟ್ಟ ಕ್ರಮದಲ್ಲೇ ಕೂರಿಸಿದೆ. ಮೊದಲ ಹುಡುಗಿ ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ಅವಳ ಷಡ್ಜ; ಅರ್ಧ ಅಂದರೆ ಅದರ ಮುಂದಿನ ಕಪ್ಪು ಮನೆ. ಚೆನ್ನಾಗೇ ಹಾಡಿದಳು. ಎರಡನೆಯವರು ನಾಲ್ಕೂವರೆ. ನಾನು ಪಿಟೀಲಿನ ನಾಲ್ಕೂ ತಂತಿ ಇಳಿಸಬೇಕು, ಮೃದಂಗದ ಹುಡುಗ ಸುತ್ತ ತಟ್ಟಿ ತಟ್ಟಿ ಇಳಿಸಬೇಕು. ಮೃದಂಗದ ಎಡಗಡೆಗೆ ಮೆತ್ತಿದ ರವೆಯ ಹಿಟ್ಟು ಬೇರೆ ಅಷ್ಟರಲ್ಲಿ ಒಣಗುತ್ತಿತ್ತು. ಮೂರನೆಯವರು ಐದೂವರೆ! ಮತ್ತೆ ಏರಿಸು. ಹುಡುಗ ಮೃದಂಗದ ಶ್ರುತಿಗೆ ತಟ್ಟುವ ಕಲ್ಲು ಕೈಗೆತ್ತಿಕೊಂಡು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಎಳೆದು ಬಿಟ್ಟು ಎಳೆದ ತಂತಿ ನಿಲ್ಲುವುದಿಲ್ಲ, ಪಲ್ಲವಿ ಮುಗಿಯುವಷ್ಟರಲ್ಲಿ ಜಾರಿರುತ್ತದೆ. ಹಾಡುವವರಿಗೆ ಕಿರಿಕಿರಿ, ನನಗೆ ನಾಚಿಕೆ. ಎಂಟನೆಯವರು ಹಾಡುವ ಹೊತ್ತಿಗೇ ರಾತ್ರಿ ಆಗಿ ಅರ್ಧ ಜನ ಎದ್ದು ಹೋಗಿದ್ದರು. ಕೊನೆಯ ಮೂವರಿಗೆ ಅವಕಾಶವೇ ಸಿಗಲಿಲ್ಲ. ಅವರಲ್ಲೊಬ್ಬರು ವೀಣೆ ತಂದಿದ್ದರು. ಗವಸು ಕೂಡ ಬಿಚ್ಚದೆ ಮೆಟ್ಟಿಲಿಳಿದು ಹೋದರು. ಮತ್ತೆ ಬರಲಿಲ್ಲ.

ಪಾಪ್ ಹಾಡುಗಳ ಓಪನ್ ಮೈಕಿನಲ್ಲಿ ಈ ತಾಪತ್ರಯ ಇಲ್ಲ. ಗಿಟಾರಿನವನು ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಒಂದು ಮನೆ ಮೇಲಕ್ಕೆ ಹಾಕಿಕೊಂಡರೆ ಆಯಿತು. ನಮ್ಮಲ್ಲಿ ಹಾಡುವವರ ಶ್ರುತಿಗೆ ಇಡೀ ವೇದಿಕೆ ಬದಲಾಗಬೇಕು. ಒಂದು ಮೃದಂಗ ಒಂದು ಮನೆಯಷ್ಟು ಆಚೀಚೆ ಹೋದರೆ ಹೆಚ್ಚು. ಹೆಚ್ಚು ಶ್ರುತಿಗೆ ಒಂದು, ತಗ್ಗು ಶ್ರುತಿಗೆ ಇನ್ನೊಂದು ಅಂತ ಎರಡು ಇಟ್ಟುಕೊಳ್ಳುವುದು ಇದಕ್ಕೇ. ತಬಲಾ ಕೂಡ ಅಷ್ಟೇ.

ಆಮೇಲಿಂದ ನಾನು ಮಾಡುವುದು ಇಷ್ಟೇ. ಹೆಸರು ಬರೆದುಕೊಳ್ಳುವ ಹಾಳೆಯಲ್ಲಿ ಹೆಸರಿನ ಪಕ್ಕ ಶ್ರುತಿಗೆ ಒಂದು ಕಾಲಂ. ಯಾರು ಮೊದಲು ಹೆಸರು ಕೊಟ್ಟರು ಅನ್ನುವುದನ್ನು ಮರೆತು, ಶ್ರುತಿ ಏರುವ ಕ್ರಮದಲ್ಲಿ ಸರದಿ. ಒಂದು, ಒಂದೂವರೆ, ಎರಡು, ಆಮೇಲೆ ನಾಲ್ಕೂವರೆ, ಐದು, ಐದೂವರೆ. ತಂತಿಯನ್ನು ಇಳಿಸಿದ್ದಕ್ಕಿಂತ ಏರಿಸಿದ್ದು ಚೆನ್ನಾಗಿ ನಿಲ್ಲುತ್ತದೆ, ಅದಕ್ಕೇ ಏರಿಕೆ. ಎರಡರಿಂದ ನಾಲ್ಕೂವರೆಗೆ ಹಾರುವ ಜಾಗದಲ್ಲಿ ನಿಮ್ಮ ಗಿಟಾರ್ ಗೆಳೆಯನನ್ನು ಕೂರಿಸಿ. ಅವನು ನುಡಿಸುವಾಗ ಮೃದಂಗದವನು ಹೊರಗಡೆ ಹೋಗಿ ಇನ್ನೊಂದು ಮೃದಂಗ ಸರಿಮಾಡಿಕೊಂಡು ಬರುತ್ತಾನೆ. ಹೀಗೆ ಮಾಡಿದ ಮೊದಲ ಸಂಜೆ ನನಗೆ ಸುಮಾರು 40 ನಿಮಿಷ ಉಳಿಯಿತು. ಒಂದು ತೊಡಕು ಇದೆ. ಈ ಕ್ರಮದಲ್ಲಿ ಗಂಡಸರು ಮೊದಲು, ಹೆಂಗಸರು ಕೊನೆಗೆ ಆಗಿಬಿಡುತ್ತದೆ. ಒಬ್ಬಾಕೆ ಅದನ್ನು ಮುಖಕ್ಕೇ ಹೇಳಿದರು, ನ್ಯಾಯವಾದ ಮಾತು. ಈಗ ಒಂದು ತಿಂಗಳು ಏರಿಕೆ, ಒಂದು ತಿಂಗಳು ಇಳಿಕೆ. ಇಳಿಕೆಯ ತಿಂಗಳು ತಂತಿ ಸ್ವಲ್ಪ ತಕರಾರು ಮಾಡುತ್ತದೆ, ಮಾಡಲಿ.

ಸಮಯಕ್ಕೆ ಬರೋಣ. 10 ನಿಮಿಷ ಅಂದರೆ ಬಂದು ಕೂತು, ಶ್ರುತಿ ಸೇರಿಸಿ, ಹಾಡಿ, ಎದ್ದು ಹೋಗುವವರೆಗೆ. ಸಂಗೀತಕ್ಕೆ ಸಿಗುವುದು ಏಳು ನಿಮಿಷ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಎಲ್ಲರೂ 10 ನಿಮಿಷದ ಕೃತಿ ತಂದಿರುತ್ತಾರೆ. ಏಳು ನಿಮಿಷದಲ್ಲಿ ಒಂದು ವರ್ಣ ಹಿಡಿಸುತ್ತದೆ. ಮಧ್ಯಮ ಗಾತ್ರದ ಕೃತಿ, ಮುಂದೆ ಒಂದು ನಿಮಿಷದ ಆಲಾಪನೆ, ಕೊನೆಗೆ ನಾಲ್ಕೈದು ಸುತ್ತು ಸ್ವರ, ಇಷ್ಟೂ ಹಿಡಿಸುತ್ತದೆ. ನೆರವಲ್, ಅಂದರೆ ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವುದು, ಹಿಡಿಸುವುದಿಲ್ಲ, ಆಸೆ ಪಡಬೇಡಿ. ಹಿಂದೂಸ್ತಾನಿ ಗೆಳೆಯರಿಗೆ ಇದು ಇನ್ನೂ ಕಷ್ಟ. ಅತಿ ವಿಲಂಬಿತ (ತೀರಾ ನಿಧಾನ) ಏಕತಾಲದ ಒಂದೇ ಆವರ್ತನ, ಅಂದರೆ ತಾಳದ ಒಂದೇ ಸುತ್ತು, ಹತ್ತಿರ ಹತ್ತಿರ ಒಂದು ನಿಮಿಷ ತೆಗೆದುಕೊಳ್ಳುತ್ತದೆ. ಏಳು ಸಲ ಸಮ್‌ಗೆ (ಸುತ್ತಿನ ಮೊದಲ ಏಟಿಗೆ) ಬರುವಷ್ಟರಲ್ಲಿ ಅವರ ಸರದಿಯೇ ಮುಗಿದಿರುತ್ತದೆ. ಮಧ್ಯಲಯದ ಬಂದಿಶ್ ಒಂದನ್ನು ನೇರವಾಗಿ ಎತ್ತಿಕೊಳ್ಳಲಿ. ಗಿಟಾರಿನವನು ಇಡೀ ಸ್ವೀಟ್ (suite, ಹಲವು ತುಣುಕುಗಳ ಗುಚ್ಛ) ನುಡಿಸುವುದು ಬೇಡ, ಅದರ ಒಂದು ಭಾಗ ಸಾಕು. ಮತ್ತೆ, ಅವನು ಕೂತಾಗ ತಂಬೂರ ನಿಲ್ಲಿಸಿ. ನಗಬೇಡಿ, ಮರೆಯುತ್ತಾರೆ. ಗಿಟಾರಿನ ಮನೆಗಳ ಅಂತರ ಒಂದು ಥರ, ತಂಬೂರದಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಇನ್ನೊಂದು ಥರ. ಎರಡೂ ಒಟ್ಟಿಗೆ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ.

ಗಡಿಯಾರ ಹಿಡಿಯುವವರು ಸಂಗೀತದವರು ಆಗಿರದಿದ್ದರೆ ಒಳ್ಳೆಯದು. ನಮ್ಮಂಥವರು ರಾಗ ಚೆನ್ನಾಗಿ ಬರುತ್ತಿದ್ದರೆ ಕೈಗಡಿಯಾರ ನೋಡುವುದನ್ನೇ ಬಿಡುತ್ತೇವೆ. ಗಂಟೆ ಬಾರಿಸಬೇಡಿ. ಗಂಟೆಗೂ ಒಂದು ಸ್ವರ ಇರುತ್ತದೆ, ಅದು ಯಾರದ್ದೋ ರಾಗದ ಮೇಲೆ ಬಿದ್ದು ಕೆಡಿಸುತ್ತದೆ. ಎಂಟನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಒಬ್ಬರು ಸುಮ್ನೆ ಎದ್ದು ನಿಂತರೆ ಸಾಕು.

ಮೈಕ್ ಬೇಕಾ? ಹೆಸರಲ್ಲಿ ಇದೆ ಅಂತ ಇರಲೇಬೇಕು ಅಂತಿಲ್ಲ. ನಲವತ್ತು ಜನ ಹಿಡಿಸುವ ಹಾಲ್, ನೆಲಕ್ಕೆ ಜಮಖಾನ, ಫ್ಯಾನ್ ಸದ್ದು ಕಡಿಮೆ ಇದ್ದರೆ ಬೇಡವೇ ಬೇಡ. ವೀಣೆ ಇದ್ದರೆ, ಹೊರಗೆ ವಾಹನಗಳ ಗಲಾಟೆ ಇದ್ದರೆ ಬೇಕಾಗುತ್ತದೆ. ಆಗ ನಾಲ್ಕು ಮಾತು ನೆನಪಿಡಿ. ಗಾಯನಕ್ಕೆ ಎಲ್ಲೆಡೆ ಸಿಗುವುದು ಶೂರ್ ಎಸ್‌ಎಂ58 ಥರದ ಡೈನಾಮಿಕ್ ಮೈಕ್. ಆ ಮಾಡೆಲ್ 1966ರಿಂದ ಇದೆ, ಕೆಳಗೆ ಬಿದ್ದರೂ ಕೆಲಸ ಮಾಡುತ್ತದೆ. ಅದಕ್ಕೆ ಬಾಯಿ ತೀರಾ ಹತ್ತಿರ ಇಟ್ಟರೆ ಮಂದ್ರದ ದನಿ ಉಬ್ಬುತ್ತದೆ, ದೂರ ಹೋದರೆ ತೆಳ್ಳಗಾಗುತ್ತದೆ. ನಾವು ಹಾಡುವಾಗ ತಲೆ ಆಡಿಸುವವರು, ಹಾಗಾಗಿ ಒಂದು ಗೇಣು ದೂರ ಇಟ್ಟುಕೊಂಡು ಅಲ್ಲೇ ಇರಿ. ಪಿಟೀಲು, ವೀಣೆ, ಗಿಟಾರಿಗೆ ಕಂಡೆನ್ಸರ್ ಮೈಕ್ ಒಳ್ಳೆಯದು. ಅದಕ್ಕೆ ಮಿಕ್ಸರ್‌ನಿಂದ 48 ವೋಲ್ಟ್ ಹೋಗಬೇಕು, ಆ ಗುಂಡಿ ಒತ್ತಿಲ್ಲದಿದ್ದರೆ ಸದ್ದೇ ಬರುವುದಿಲ್ಲ. ಒಮ್ಮೆ ಅರ್ಧ ಗಂಟೆ ವೈರ್ ಬದಲಾಯಿಸಿದ ಮೇಲೆ ಇದು ನನಗೆ ಗೊತ್ತಾಯಿತು! ಸ್ಪೀಕರ್ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಲಿ. ಹಿಂದೆ ಇಟ್ಟರೆ ಕೂಗು ಹಾಕುತ್ತದೆ. ಇನ್ನು ಆ ಎಕೋ ಗುಂಡಿಯನ್ನು ಯಾರಿಗೂ ಮುಟ್ಟಲು ಬಿಡಬೇಡಿ. ಎಕೋದಲ್ಲಿ ಗಮಕ ಕಲಸಿಹೋಗುತ್ತದೆ. ಅಪಸ್ವರ ಮುಚ್ಚುತ್ತದೆ ಅಂತ ಕೆಲವರಿಗೆ ಅದು ಇಷ್ಟ, ಅದೂ ಗೊತ್ತು.

ತಂಬೂರದ ಆ್ಯಪ್ ಬಗ್ಗೆ ಒಂದು ಮಾತು. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಒಬ್ಬರ ಆಲಾಪನೆ ಪಂಚಮದ ಮೇಲೆ ನಿಂತಿತ್ತು, ಒಳ್ಳೆಯ ಜಾಗ, ಎಲ್ಲರೂ ಕಣ್ಣು ಮುಚ್ಚಿದ್ದೆವು. ತಂಬೂರ ತಟ್ಟನೆ ನಿಂತು ರಿಂಗ್‌ಟೋನ್ ಶುರುವಾಯಿತು. ಆಕೆ ಗಾಬರಿಯಲ್ಲೂ ಹಾಡು ನಿಲ್ಲಿಸಲಿಲ್ಲ, ಭೇಷ್. ಆದರೆ ಕೆಳಗಿಳಿದು ಷಡ್ಜಕ್ಕೆ ಬಂದಾಗ ಹಿಡಿದದ್ದು ರಿಂಗ್‌ಟೋನಿನ ಷಡ್ಜ! ನಾನು ಪಿಟೀಲು ಹಿಡಿದು ಯಾವ ಕಡೆ ಹೋಗಲಿ?

ಪಕ್ಕವಾದ್ಯದವರ ಜೊತೆ ರಿಹರ್ಸಲ್ ಇರುವುದಿಲ್ಲ. ಸರದಿಗೆ ಮುಂಚೆ ಎರಡು ನಿಮಿಷ ಮಾತಾಡಿ. ಯಾವ ರಾಗ, ಯಾವ ತಾಳ, ಎತ್ತುಗಡೆ (ತಾಳದಲ್ಲಿ ಹಾಡು ಶುರುವಾಗುವ ಜಾಗ) ಸಮಕ್ಕೋ ಅರ್ಧ ಬಿಟ್ಟೋ, ಸ್ವರ ಹಾಡುತ್ತೀರೋ ಇಲ್ಲವೋ. ಕಾಲಪ್ರಮಾಣ (ಹಾಡಿನ ವೇಗ) ಎಷ್ಟು ಅಂತ ಪಲ್ಲವಿಯ ಒಂದು ಸಾಲು ಗುನುಗಿ ತೋರಿಸಿ. ಅಪರೂಪದ ರಾಗ ತಂದು ಪಿಟೀಲಿನವಳನ್ನು ಪರೀಕ್ಷೆ ಮಾಡಬೇಡಿ. ಅದು ಕಚೇರಿಯಲ್ಲೂ ಒಳ್ಳೆಯದಲ್ಲ.

ಈಗ ನಿಮ್ಮ ಒಣಗುವ ಗಂಟಲು. ಇದು ನಿಮ್ಮ ತಯಾರಿಯ ದೋಷ ಅಲ್ಲ, ಮೈಯ ಕೆಲಸ. ಅಡ್ರಿನಲಿನ್ ಏರಿದಾಗ ಬಾಯಿ ಒಣಗುತ್ತದೆ, ಉಸಿರು ಮೇಲೆ ಮೇಲೆ ಆಗುತ್ತದೆ, ಬೆರಳು ತಣ್ಣಗಾಗುತ್ತದೆ, ಪಿಟೀಲಿನವರಿಗೆ ಕಮಾನು ನಡುಗುತ್ತದೆ. ಚೆಲ್ಲೊ (ಕಾಲುಗಳ ನಡುವೆ ಇಟ್ಟು ನುಡಿಸುವ, ಪಿಟೀಲಿನ ಕುಟುಂಬದ ದೊಡ್ಡ ವಾದ್ಯ) ಅಂದರೆ ಪಾಬ್ಲೊ ಕಸಾಲ್ಸ್ ಅನ್ನುವ ಕಾಲ ಇತ್ತು. ಆತನಿಗೆ ಜೀವನಪೂರ್ತಿ ವೇದಿಕೆಯ ಭಯ. 1901ರಲ್ಲಿ ಬೆಟ್ಟ ಹತ್ತುವಾಗ ಬಂಡೆಯೊಂದು ಉರುಳಿ ಎಡಗೈ ಬೆರಳುಗಳು ಜಜ್ಜಿಹೋದವು. ಆಗ ಮೊದಲು ಮನಸ್ಸಿಗೆ ಬಂದದ್ದು, ಸದ್ಯ ಇನ್ನು ಚೆಲ್ಲೊ ನುಡಿಸಬೇಕಾಗಿಲ್ಲ ಅನ್ನುವ ನಿರಾಳ ಅಂತ ಆತನೇ ಆಮೇಲೆ ಹೇಳಿಕೊಂಡಿದ್ದಾನೆ. ಕೈ ವಾಸಿಯಾಯಿತು, ಮತ್ತೆ ದಶಕಗಟ್ಟಲೆ ನುಡಿಸಿದ. ಭಯವೂ ಜೊತೆಗೇ ಇತ್ತು. ಹಾಗಾಗಿ ಭಯ ಹೋದ ಮೇಲೆ ಹಾಡುತ್ತೇನೆ ಅಂತ ಕಾಯಬೇಡಿ.

ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಪರಿಚಿತರ ಮುಂದೆ ಹಾಡಬೇಕಾದವರಲ್ಲಿ ಕೆಲವರು ಮೊದಲು ನನಗೆ ಹುರುಪು ಬಂದಿದೆ ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಕೆಲವರು ನನಗೆ ಆತಂಕ ಆಗಿದೆ ಅಂತ. ಹುರುಪು ಅಂದವರೇ ಚೆನ್ನಾಗಿ ಹಾಡಿದರು. ಎದೆ ಹೊಡೆದುಕೊಳ್ಳುವುದೇನೋ ಎರಡೂ ಕಡೆ ಇತ್ತು. ನನಗೂ ಅನುಭವದಲ್ಲಿ ಇದು ನಿಜ ಅನಿಸಿದೆ. ಸಮಾಧಾನ ಮಾಡಿಕೋ ಅಂತ ಯಾರಾದರೂ ಹೇಳಿದಾಗ ಒಮ್ಮೆಯಾದರೂ ಸಮಾಧಾನ ಆಗಿದೆಯಾ? ಇಲ್ಲ ಅಲ್ವಾ.

ಕೆಲಸಕ್ಕೆ ಬರುವ ಎರಡು ಮಾತು ಹೇಳುತ್ತೇನೆ. ಹೊಸದಾಗಿ ಪಾಠ ಆದದ್ದು ಬೇಡ, ಎರಡು ವರ್ಷ ಹಳೆಯದನ್ನು ಹಾಡಿ. ತಾರಸ್ಥಾಯಿಯಲ್ಲಿ ಉದ್ದ ಕಾರ್ವೆಯಿಂದ (ಒಂದೇ ಸ್ವರವನ್ನು ಎಳೆದು ನಿಲ್ಲಿಸುವುದರಿಂದ) ಶುರುವಾಗುವ ಕೃತಿಯಂತೂ ಬೇಡವೇ ಬೇಡ, ನಡುಕ ಅಲ್ಲೇ ಬಯಲಾಗುವುದು. ಮಧ್ಯಸ್ಥಾಯಿಯಲ್ಲಿ ಓಡಾಡುತ್ತಾ ಶುರುವಾಗುವುದನ್ನು ಆರಿಸಿ. ಇನ್ನು ಮನೆಯಲ್ಲಿ ಹಾಡುವುದಕ್ಕಿಂತ ಒಂದು ಚೂರು ನಿಧಾನ ಅನಿಸುವ ಕಾಲಪ್ರಮಾಣದಲ್ಲಿ ಎತ್ತಿಕೊಳ್ಳಿ. ಭಯದಲ್ಲಿ ಲಯ ಓಡುತ್ತದೆ, ನಿಮಗೆ ನಿಧಾನ ಅನಿಸಿದ್ದು ಕೇಳುವವರಿಗೆ ಸರಿಯಾಗೇ ಇರುತ್ತದೆ. ನಡುಕಕ್ಕೆ ಮಾತ್ರೆ ಇದೆಯಂತಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೀಟಾ ಬ್ಲಾಕರ್ ಕೆಲವು ವೃತ್ತಿಪರರು ತೆಗೆದುಕೊಳ್ಳುವುದು ಹೌದು, ಆದರೆ ವೈದ್ಯರು ಹೇಳದೆ ಮುಟ್ಟಬೇಡಿ. ಆಸ್ತಮಾ ಇರುವವರಿಗೆ ಅದು ಅಪಾಯ. ಗೆಳೆಯರ ಮುಂದೆ ಏಳು ನಿಮಿಷ ಹಾಡಲು ಅದು ಯಾಕೆ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಔಷಧಿ ಸಂಜೆಯ ನಿಯಮದಲ್ಲೇ ಇದೆ. ಒಂದು ಸಲ ನಿಲ್ಲಿಸಿ ಮತ್ತೆ ಶುರು ಮಾಡಬಹುದು ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ. ಕಚೇರಿಯಲ್ಲಿ ಇದಕ್ಕೆ ಜಾಗ ಇಲ್ಲ. ಓಪನ್ ಮೈಕಿನಲ್ಲಿ ಇದ್ದೇ ಇರಬೇಕು, ಇಲ್ಲದಿದ್ದರೆ ಅದು ಕಳಪೆ ಕಚೇರಿ ಅಷ್ಟೇ. ನಲವತ್ತು ದಾಟಿದ ಒಬ್ಬರು ಹಾಡುತ್ತಿದ್ದರು. ಚರಣದ ಎರಡನೇ ಸಾಲಿಗೆ ಬಂದರು, ಸಾಹಿತ್ಯ ಹೋಯಿತು. ತಾಳ ಹಾಕುತ್ತಿದ್ದ ಕೈ ತೊಡೆಯ ಮೇಲೇ ನಿಂತಿತು. ಇಂಥಲ್ಲಿ ಸಾಮಾನ್ಯವಾಗಿ ಯಾರೋ ಸಾಲು ಕೂಗಿ ಹೇಳುತ್ತಾರೆ, ಅವತ್ತು ಯಾರೂ ಹೇಳಲಿಲ್ಲ. ಮೃದಂಗದವನು ಮಾತ್ರ ಬೆರಳ ತುದಿಯಲ್ಲಿ ತಾಳ ಬಿಡದೆ ಹಿಡಿದುಕೊಂಡು ಕೂತ. ಒಂದು ಆವರ್ತನ, ಎರಡು ಆವರ್ತನ. ಅವರು ನೀರು ಕುಡಿದು, ಇನ್ನೊಂದ್ಸಲ ಅನುಪಲ್ಲವಿಯಿಂದ ಅಂದರು. ಆಮೇಲೆ ಚರಣ ತಾನಾಗಿ ಬಂತು. ಅವರು ಈಗ ಪ್ರತಿ ತಿಂಗಳೂ ಬರುತ್ತಾರೆ, ಸಾಹಿತ್ಯದ ಪುಸ್ತಕವನ್ನು ಪಕ್ಕದಲ್ಲೇ ಮುಚ್ಚಿ ಇಟ್ಟುಕೊಂಡಿರುತ್ತಾರೆ.

ಮುಂದಿನ ಸಾಲಿನ ಮಾತು ಇಲ್ಲಿಗೆ ಬರುತ್ತದೆ. ಮುಂದೆ ಕೂತ ಹಿರಿಯರು ನಿಷಾದ ಸ್ವಲ್ಪ ತಗ್ಗಿತು ನೋಡಮ್ಮ ಅಂತ ಅಲ್ಲೇ ಅಂದರೆ, ಮಾತು ಸರಿಯೇ ಇದ್ದರೂ, ಮುಂದಿನ ನಾಲ್ಕು ಜನ ಹೆಸರು ವಾಪಸ್ ತೆಗೆದುಕೊಳ್ಳುತ್ತಾರೆ. ಇದು ಕಣ್ಣಾರೆ ಕಂಡದ್ದು. ಆ ಕೋಣೆಯಲ್ಲಿ ತಿದ್ದುವುದು ಬೇಡ ಅಂತ ನಿಯಮ ಮಾಡಿ. ಹಾಡಿದವರೇ ಆಮೇಲೆ ಹೋಗಿ ಕೇಳಿದರೆ ಹೇಳಲಿ, ಆಗ ಎಷ್ಟು ಬೇಕಾದರೂ ಹೇಳಲಿ. ರೆಕಾರ್ಡಿಂಗ್ ಕೂಡ ಹಾಗೇ. ಹಾಡಿದವರು ಹೂಂ ಅನ್ನದೆ ಯಾರ ವಿಡಿಯೋವೂ ಕೋಣೆ ದಾಟಬಾರದು. ಕ್ಯಾಮೆರಾ ಕಂಡ ಕೂಡಲೇ ಜನ ಕಚೇರಿಯ ಥರ ಹಾಡಲು ಹೋಗುತ್ತಾರೆ.

ಮೊದಲ ತಿಂಗಳು ಆರೇ ಹೆಸರು ತೆಗೆದುಕೊಳ್ಳಿ, ಒಂದು ಗಂಟೆಗೆ ಮುಗಿಸಿ. ಹಿಂದೂಸ್ತಾನಿ, ಕರ್ನಾಟಕ, ಗಿಟಾರ್ ಎಲ್ಲ ಸೇರಿಸಿ ಕೊನೆಗೊಂದು ಜುಗಲ್‌ಬಂದಿ ಅಂತ ಯಾರೋ ಹೇಳುತ್ತಾರೆ, ಆರು ತಿಂಗಳು ತಡೆಯಿರಿ ಅನ್ನಿ. ಹಾಳೆಯ ಮೇಲೆ ಮೊದಲ ಹೆಸರು ನಿಮ್ಮದೇ ಬರೆಯಿರಿ, ಕರೆದವರೇ ಹಾಡದಿದ್ದರೆ ಬಂದವರು ಹಾಡುವುದಿಲ್ಲ. ಪಕ್ಕದಲ್ಲೇ ನಿಮ್ಮ ಶ್ರುತಿಯನ್ನೂ ಬರೆಯಿರಿ. ನಿಮ್ಮ ಪ್ರಶ್ನೆಯಲ್ಲಿ ಅದೊಂದನ್ನು ಬರೆದಿಲ್ಲ ನೋಡಿ.